ಅಟ್ಟದಿಂದ ಇಳಿದ ವಾಲ್ವ್ ರೇಡಿಯೋ: ಲಕ್ಷಣ ನೋಡಿ ದೋಷ ಹಿಡಿಯುವ ಕ್ರಮ

ಕಾಸರಗೋಡು ಕಡೆಯ ಹಳೆಯ ಹಂಚಿನ ಮನೆಗಳ ಅಟ್ಟದಲ್ಲಿ ಈಗಲೂ ವಾಲ್ವ್ ರೇಡಿಯೋಗಳು, ಅಂದರೆ ಗಾಜಿನ ಬಲ್ಬಿನಂಥ ವಾಲ್ವ್‌ಗಳಿಂದ ಹಾಡುವ ಹಳೆಯ ರೇಡಿಯೋಗಳು, ಸಿಗುತ್ತವೆ. ಅಡಿಕೆ ಗೋಣಿಯ ಹಿಂದೆ, ಮುರಿದ ತೊಟ್ಟಿಲ ಪಕ್ಕದಲ್ಲಿ, ಮೇಲೊಂದು ಹಳೆಯ ಪಂಚೆ ಹೊದ್ದುಕೊಂಡು ಕುಳಿತಿರುತ್ತವೆ. ಕೆಳಗಿಳಿಸಿ ಧೂಳು ಒರೆಸಿದ ಕೂಡಲೇ ಎಲ್ಲರ ಕೈಯೂ ಪ್ಲಗ್ಗಿನ ಕಡೆಗೆ ಹೋಗುತ್ತದೆ. ನನ್ನ ಕೈಯೂ ಹೋಗಿತ್ತು. ಪೆರ್ಲದ ಸೋದರಮಾವನ ಮನೆಯ ಆ ರೇಡಿಯೋದ ಡಯಲ್ ಬೆಳಗಿತು, ಸ್ಪೀಕರಿನಿಂದ ಗುಂಯ್ ಎಂಬ ಸದ್ದು ಬಂತು, ನಾವೆಲ್ಲ ಸಂಭ್ರಮಪಟ್ಟೆವು. ಐದು ನಿಮಿಷದೊಳಗೆ ಟಾರು ಕರಗಿದ ವಾಸನೆ, ಆಮೇಲೆ ಹೊಗೆ. ಒಂದೇ ಒಂದು ಕಂಡೆನ್ಸರ್ (ವಿದ್ಯುತ್ ಚಾರ್ಜನ್ನು ಹಿಡಿದಿಡುವ ಬಿಡಿಭಾಗ) ಒಳಗೊಳಗೇ ಶಾರ್ಟ್ ಆಗಿತ್ತು, ಅದರ ಭಾರ ಹೊತ್ತ ಟ್ರಾನ್ಸ್‌ಫಾರ್ಮರ್ ಸುಟ್ಟುಹೋಯಿತು. ಕಂಡೆನ್ಸರಿಗೆ ಕೆಲವೇ ರೂಪಾಯಿ. ಟ್ರಾನ್ಸ್‌ಫಾರ್ಮರನ್ನು ಮತ್ತೆ ಸುತ್ತಿಕೊಡುವವರನ್ನು ಹುಡುಕಲು ನನಗೆ ಒಂದು ವರ್ಷ ಹಿಡಿಯಿತು.

ಆದ್ದರಿಂದ ಈ ಬರಹದ ಮೊದಲರ್ಧದಲ್ಲಿ ಕರೆಂಟೇ ಇಲ್ಲ.

ನಿಮ್ಮ ಕೈಯಲ್ಲಿರುವುದು ಯಾವ ಬಗೆಯ ಸೆಟ್?

ಹಿಂದಿನ ಹಲಗೆ ಬಿಚ್ಚಿ ವಾಲ್ವ್‌ಗಳ ಮೇಲಿನ ಹೆಸರು ಓದಿ. ಇಸಿಎಚ್ 81, ಇಬಿಎಫ್ 89, ಇಎಲ್ 84, ಇಝಡ್ 80 ಹೀಗೆ 'ಇ' ಅಕ್ಷರದಿಂದ ಶುರುವಾದರೆ ಅವು 6.3 ವೋಲ್ಟಿನ ಹೀಟರ್ (ವಾಲ್ವನ್ನು ಒಳಗಿನಿಂದ ಬಿಸಿಮಾಡುವ ತಂತಿ) ಇರುವ ವಾಲ್ವ್‌ಗಳು. ಚಾಸಿಯ, ಅಂದರೆ ಭಾಗಗಳನ್ನೆಲ್ಲ ಕೂರಿಸಿದ ತಗಡಿನ ತಳದ ಮೇಲೆ ದಪ್ಪನೆಯ ಕಬ್ಬಿಣದ ಟ್ರಾನ್ಸ್‌ಫಾರ್ಮರ್ ಇರುತ್ತದೆ. ಇದು ಎಸಿ ಸೆಟ್. ಮನೆಯಲ್ಲಿ ಕಲಿಯಲು ಇದೇ ಒಳ್ಳೆಯದು.

ಯುಸಿಎಚ್ 42, ಯುಎಲ್ 41, ಯುವೈ 85 ಹೀಗೆ 'ಯು'ದಿಂದ ಶುರುವಾದರೆ ಅದು ಎಸಿ-ಡಿಸಿ ಸೆಟ್. ಇದರಲ್ಲಿ ಎಲ್ಲ ವಾಲ್ವ್‌ಗಳ ಹೀಟರ್‌ಗಳೂ ಹೂಮಾಲೆಯಂತೆ ಒಂದರ ಹಿಂದೆ ಒಂದು ಪೋಣಿಸಿಕೊಂಡು ನೇರವಾಗಿ ಮನೆಯ ಕರೆಂಟಿಗೆ ಸೇರಿರುತ್ತವೆ. ಚಾಸಿಯ ತಗಡೂ ಕರೆಂಟಿನ ಒಂದು ತಂತಿಗೆ ಸೇರಿರುತ್ತದೆ. ಪ್ಲಗ್ಗನ್ನು ತಿರುಗಿಸಿ ಹಾಕಿದರೆ ಇಡೀ ಚಾಸಿಯಲ್ಲಿ 230 ವೋಲ್ಟ್. ಅನುಮಾನವಿದ್ದರೆ ಪ್ಲಗ್ ಹೊರಗಿರುವಾಗಲೇ ರೇಡಿಯೋದ ಸ್ವಿಚ್ ಆನ್ ಮಾಡಿ, ಪ್ಲಗ್ಗಿನ ಒಂದೊಂದು ಪಿನ್ನಿಗೂ ಚಾಸಿಗೂ ನಡುವೆ ಮೀಟರಿನಲ್ಲಿ ಓಮ್ ಅಳೆಯಿರಿ. ಯಾವುದಾದರೂ ಪಿನ್ನಿನಿಂದ ಕೆಲವೇ ಓಮ್ ಅಥವಾ ಕೆಲವು ನೂರು ಓಮ್ ತೋರಿಸಿದರೆ ಚಾಸಿ ಕರೆಂಟಿಗೆ ಸೇರಿದೆ ಎಂದೇ ಅರ್ಥ. ಇಂಥ ಸೆಟ್ಟನ್ನು ಐಸೊಲೇಷನ್ ಟ್ರಾನ್ಸ್‌ಫಾರ್ಮರ್ (ಸೆಟ್ಟನ್ನು ಮನೆಯ ಕರೆಂಟಿನ ತಂತಿಯಿಂದ ಬೇರ್ಪಡಿಸುವಂಥದ್ದು) ಇಲ್ಲದೆ ತೆರೆದಿಟ್ಟು ಓಡಿಸಲೇಬಾರದು.

ಮೂರನೆಯದು ಬ್ಯಾಟರಿ ಸೆಟ್. ಡಿಕೆ 96, ಡಿಎಫ್ 96, ಡಿಎಲ್ 96 ಎಂದು 'ಡಿ'ಯಿಂದ ಶುರುವಾಗುವ ಪುಟ್ಟ ವಾಲ್ವ್‌ಗಳು. ಹೀಟರಿಗೆ 1.4 ವೋಲ್ಟ್, ಹೆಚ್ಚಿನ ವೋಲ್ಟಿನ ಸಪ್ಲೈಗೆ ಸುಮಾರು 90 ವೋಲ್ಟಿನ ಬ್ಯಾಟರಿ. ಕರೆಂಟು ಬಾರದ ಹಳ್ಳಿಗಳಲ್ಲಿ ಇವೇ ಹಾಡಿದ್ದು. ಗೊತ್ತಿಲ್ಲದೆ ಇದಕ್ಕೆ ಮನೆಯ ಕರೆಂಟ್ ಕೊಟ್ಟರೆ ವಾಲ್ವ್‌ಗಳೆಲ್ಲ ಕ್ಷಣದಲ್ಲಿ ಹೋಗುತ್ತವೆ.

ಜೀವದ ವಿಷಯ

ಎಸಿ ಸೆಟ್ಟಿನ ಒಳಗೆ 200ರಿಂದ 300 ವೋಲ್ಟ್ ಡಿಸಿ ಓಡಾಡುತ್ತದೆ. ಪ್ಲಗ್ ತೆಗೆದ ಮೇಲೂ ದೊಡ್ಡ ಕಂಡೆನ್ಸರ್‌ಗಳು ಅದನ್ನು ಹಿಡಿದಿಟ್ಟುಕೊಂಡಿರಬಹುದು. ಪ್ಲಗ್ ತೆಗೆದು, 10 ಕಿಲೋ ಓಮ್, 5 ವ್ಯಾಟಿನ ರೆಸಿಸ್ಟರಿನ ಎರಡೂ ತುದಿಗೆ ಕ್ಲಿಪ್ ತಂತಿ ಬೆಸೆದು, ಕಂಡೆನ್ಸರಿನ ಎರಡು ತುದಿಗಳಿಗೆ ಕೆಲವು ಸೆಕೆಂಡ್ ಹಿಡಿಯಿರಿ. ಆಮೇಲೆ ಮೀಟರಿನಲ್ಲಿ ಸೊನ್ನೆಯ ಹತ್ತಿರ ಬಂದಿದೆಯೇ ನೋಡಿಯೇ ಕೈ ಹಾಕಿ. ಸ್ಕ್ರೂಡ್ರೈವರಿನಿಂದ ಚಟ್ ಎನ್ನಿಸುವ ಅಭ್ಯಾಸ ಬೇಡ.

ಕರೆಂಟ್ ಇರುವಾಗ ಅಳೆಯುವುದಿದ್ದರೆ ಮೀಟರಿನ ಕಪ್ಪು ತಂತಿಯನ್ನು ಮೊದಲೇ ಚಾಸಿಗೆ ಕ್ಲಿಪ್ ಮಾಡಿ. ಕೆಂಪು ತಂತಿ ಒಂದು ಕೈಯಲ್ಲಿ ಸಾಕು, ಇನ್ನೊಂದು ಕೈ ಬೆನ್ನ ಹಿಂದೆ ಇರಲಿ. ಕಾಲಲ್ಲಿ ಚಪ್ಪಲಿ, ಕೆಳಗೆ ಒಣ ಮರದ ಹಲಗೆ. ಜಗಲಿಯ ಒದ್ದೆ ಸಿಮೆಂಟಿನ ಮೇಲೆ ಬರಿಗಾಲಿನಲ್ಲಿ ಈ ಕೆಲಸ ಬೇಡವೇ ಬೇಡ. ಮನೆಯಲ್ಲಿ ಇನ್ನೊಬ್ಬರು ಎಚ್ಚರವಿರುವ ಹೊತ್ತಿನಲ್ಲಿ ಮಾಡಿ, ಮೇನ್ ಸ್ವಿಚ್ ಎಲ್ಲಿದೆ ಎಂದು ಅವರಿಗೆ ಹೇಳಿಡಿ.

ಪ್ಲಗ್ ಹಾಕುವ ಮೊದಲು ಕಣ್ಣಿಗೆ, ಮೂಗಿಗೆ ಸಿಗುವುದು

ನಮ್ಮ ಕರಾವಳಿಯಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಮಳೆ. ಗಾಳಿಯಲ್ಲಿ ಉಪ್ಪು. ರೇಡಿಯೋದ ಅರ್ಧ ಕಾಯಿಲೆ ಇದರಿಂದಲೇ. ಮೇಣ ಸವರಿದ ಕಾಗದದ ಕಂಡೆನ್ಸರ್‌ಗಳು ತೇವ ಹೀರಿಕೊಂಡು ಸೋರಲು ತೊಡಗುತ್ತವೆ. ಸೋರುವುದೆಂದರೆ ನೀರಲ್ಲ, ತಡೆಯಬೇಕಾದ ಡಿಸಿ ಕರೆಂಟನ್ನು ಅವು ಒಳಗಿನಿಂದ ಬಿಟ್ಟುಕೊಡುತ್ತವೆ. ಕೂದಲೆಳೆಯಷ್ಟು ತೆಳು ತಂತಿಯ ಕಾಯಿಲ್‌ಗಳಿಗೆ ಹಸಿರು ಕಿಲುಬು ಹಿಡಿದು ತುಂಡಾಗುತ್ತವೆ.

ಟಾರ್ಚ್ ಹಿಡಿದು ನಿಧಾನವಾಗಿ ನೋಡಿ. ಮೇಣ ಕರಗಿ ಕೆಳಗೆ ಸುರಿದಿದೆಯೇ? ಎಲೆಕ್ಟ್ರೋಲಿಟಿಕ್ ಕಂಡೆನ್ಸರಿನ ಬುಡದಲ್ಲಿ ಬಿಳಿ ಪುಡಿ ಕಟ್ಟಿದೆಯೇ? ರಬ್ಬರಿನ ಹೊದಿಕೆಯ ತಂತಿ ಮುಟ್ಟಿದರೆ ಪುಡಿಯಾಗಿ ಉದುರುತ್ತದೆಯೇ? ಇಲಿ ಗೂಡು ಕಟ್ಟಿದ್ದರೆ ಅದರ ಮೂತ್ರ ಚಾಸಿಯನ್ನೇ ತಿಂದಿರುತ್ತದೆ, ಬಾಯಿಗೆ ಬಟ್ಟೆ ಕಟ್ಟಿಕೊಂಡು ತೆಗೆಯಿರಿ. ನಾನು ನೋಡಿದ ಒಂದು ಸೆಟ್ಟಿನಲ್ಲಿ ಕುಂಬಾರ ಹುಳು, ಸ್ಟೇಷನ್ ಹುಡುಕಲು ತಿರುಗುವ ಗ್ಯಾಂಗ್ ಕಂಡೆನ್ಸರಿನ ತಗಡುಗಳ ನಡುವೆಯೇ ಮಣ್ಣಿನ ಗೂಡು ಕಟ್ಟಿತ್ತು. ಬೆರಳ ತುದಿಯಷ್ಟು ಕೆಮ್ಮಣ್ಣು, ಒಳಗೆ ಒಣಗಿದ ಮರಿಹುಳುಗಳು. ಗ್ಯಾಂಗ್ ತಿರುಗಿಸದೆ, ಮೃದುವಾದ ಬ್ರಷ್ಷಿನಿಂದ ಹೊರಗಿನಿಂದ ಒಳಕ್ಕೆ ಸ್ವಲ್ಪ ಸ್ವಲ್ಪವೇ ಉದುರಿಸಲು ಒಂದು ಇಡೀ ಸಂಜೆ ಬೇಕಾಯಿತು. ಅವಸರದಲ್ಲಿ ತಿರುಗಿಸಿದ್ದರೆ ತಗಡುಗಳು ಬಾಗಿಹೋಗುತ್ತಿದ್ದವು.

ವಾಲ್ವ್ ತಲೆಯಲ್ಲಿ ಬೆಳ್ಳಿ ಕನ್ನಡಿಯಂಥ ಲೇಪ ಕಾಣುತ್ತದೆ. ಅದು ಹಾಲಿನಂತೆ ಬೆಳ್ಳಗಾಗಿದ್ದರೆ ಒಳಗೆ ಗಾಳಿ ಹೊಕ್ಕಿದೆ, ಆ ವಾಲ್ವ್ ಸತ್ತಿದೆ. ಹೊಳೆಯುತ್ತಿದ್ದರೆ ಅದನ್ನು ಸುಮ್ಮನೆ ದೂರಬೇಡಿ. ರೇಡಿಯೋ ಹಾಡದಿದ್ದರೆ ಜನ ಮೊದಲು ಹೊಸ ವಾಲ್ವ್ ಹುಡುಕುತ್ತಾರೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗೆ. ನನ್ನ ಅನುಭವದಲ್ಲಿ ವಾಲ್ವ್ ಕೆಟ್ಟದ್ದು ಅಪರೂಪ, ಕಂಡೆನ್ಸರ್ ಕೆಡದೇ ಇದ್ದದ್ದು ಅಪರೂಪ.

ಚಾಸಿ ತೇವವಾಗಿದ್ದರೆ 40 ವ್ಯಾಟಿನ ಬಲ್ಬನ್ನು ಒಂದಡಿ ದೂರದಲ್ಲಿ ಉರಿಸಿ ಎರಡು ದಿನ ಒಣಗಿಸಿ. ಬಿಸಿಯಾಗುವ ಭಾಗದ ಹತ್ತಿರ ಬೂದು ಬಣ್ಣದ ನಾರಿನಂಥ ಹಾಳೆ ಕಂಡರೆ ಅದು ಕಲ್ನಾರು ಇರಬಹುದು. ಕೆರೆಯಬೇಡಿ, ಊದಬೇಡಿ, ಇದ್ದಲ್ಲಿಯೇ ಬಿಡಿ.

ಮೊದಲ ಕರೆಂಟ್: ಸೀರೀಸ್ ಬಲ್ಬಿನ ಮೂಲಕವೇ

ಒಂದು ಮರದ ಹಲಗೆಯ ಮೇಲೆ ಬಲ್ಬ್ ಹೋಲ್ಡರ್ ಮತ್ತು ಸಾಕೆಟ್. ಫೇಸ್ ತಂತಿ ಬಲ್ಬನ್ನು ದಾಟಿಯೇ ಸಾಕೆಟ್ಟಿಗೆ ಹೋಗಬೇಕು. ಬಲ್ಬ್ 100 ವ್ಯಾಟಿನ ಹಳೆಯ ತಂತಿಯ ಬಲ್ಬೇ ಆಗಬೇಕು, ಎಲ್ಇಡಿ ಇಲ್ಲಿ ಕೆಲಸಕ್ಕೆ ಬಾರದು. ಒಳಗೆ ಶಾರ್ಟ್ ಇದ್ದರೆ ಬಲ್ಬ್ ಉರಿಯುತ್ತದೆ, ರೇಡಿಯೋ ಉಳಿಯುತ್ತದೆ.

ಸೆಟ್ಟಿನ ಹಿಂದೆ ವೋಲ್ಟೇಜ್ ಆರಿಸುವ ಪ್ಲೇಟ್ ಇದ್ದರೆ ಅದು 110ರಲ್ಲಿ ಇಲ್ಲವೆಂದು ನೋಡಿ, 240 ಅಥವಾ 245ರ ಗುರುತಿಗೆ ಹಾಕಿ. ಎಸಿ ಸೆಟ್ಟಿನಲ್ಲಿ ಮೊದಲು ಎಸಿಯನ್ನು ಡಿಸಿಯಾಗಿಸುವ ರೆಕ್ಟಿಫೈಯರ್ ವಾಲ್ವನ್ನು, ಅಂದರೆ ಇಝಡ್ 80ಯಂಥದ್ದನ್ನು ಕಿತ್ತಿಟ್ಟು ಸ್ವಿಚ್ ಹಾಕಿ. ಈಗ ಟ್ರಾನ್ಸ್‌ಫಾರ್ಮರ್ ಮತ್ತು ಹೀಟರ್‌ಗಳು ಮಾತ್ರ ಕೆಲಸ ಮಾಡುತ್ತವೆ. ಬಲ್ಬಿನ ತಂತಿ ಮಂದವಾಗಿ ಕೆಂಪಾದರೆ ಸರಿ. ಪ್ರಖರವಾಗಿ ಉರಿದರೆ ಟ್ರಾನ್ಸ್‌ಫಾರ್ಮರ್ ಒಳಗೇ ಶಾರ್ಟ್ ಆಗಿರಬಹುದು, ಅಲ್ಲಿಗೇ ನಿಲ್ಲಿಸಿ. ಸರಿಯಿದ್ದರೆ ಆರಿಸಿ, ರೆಕ್ಟಿಫೈಯರ್ ಹಾಕಿ ಮತ್ತೆ ನೋಡಿ. ಅರ್ಧ ನಿಮಿಷದ ನಂತರ ಬಲ್ಬ್ ಸ್ವಲ್ಪ ಏರಿ ಅಲ್ಲಿಯೇ ನಿಂತರೆ ಒಳ್ಳೆಯ ಲಕ್ಷಣ. ಏರುತ್ತಲೇ ಹೋದರೆ ಡಿಸಿಯ ಏರಿಳಿತ ಸಮಮಾಡುವ ಫಿಲ್ಟರ್ ಕಂಡೆನ್ಸರಿನಲ್ಲೋ ಅದರ ಮುಂದಿನ ಎಚ್.ಟಿ. (ಹೆಚ್ಚಿನ ವೋಲ್ಟಿನ ಡಿಸಿ) ದಾರಿಯಲ್ಲೋ ಶಾರ್ಟ್ ಇದೆ.

'ಯು' ವಾಲ್ವ್‌ಗಳ ಸೆಟ್ಟಿನಲ್ಲಿ ಈ ಉಪಾಯ ನಡೆಯದು. ಒಂದನ್ನು ಕಿತ್ತರೆ ಎಲ್ಲವೂ ಆರಿಹೋಗುತ್ತವೆ.

"ದೀಪವೂ ಇಲ್ಲ, ಸದ್ದೂ ಇಲ್ಲ"

ಅಗ್ಗದ್ದರಿಂದ ಶುರುಮಾಡಿ. ಪ್ಲಗ್ ಹೊರಗಿಟ್ಟು ಪ್ಲಗ್ಗಿನ ತುದಿಯಿಂದ ಟ್ರಾನ್ಸ್‌ಫಾರ್ಮರಿನವರೆಗೆ ಓಮ್ ಅಳೆದುಕೊಂಡು ಹೋಗಿ: ವಯರು, ಫ್ಯೂಸ್, ವಾಲ್ಯೂಮ್ ಗುಬ್ಬಿಯ ಹಿಂದಿನ ಸ್ವಿಚ್, ವೋಲ್ಟೇಜ್ ಪ್ಲೇಟ್. ಹತ್ತರಲ್ಲಿ ಎಂಟು ಸಲ ದೋಷ ಇಷ್ಟರೊಳಗೇ ಸಿಗುತ್ತದೆ. ಫ್ಯೂಸೇ ಇಲ್ಲದ ಸೆಟ್ ಆದರೆ 500 ಮಿಲಿಆಂಪಿಯರ್‌ನ ನಿಧಾನವಾಗಿ ಕರಗುವ ಫ್ಯೂಸ್ ಒಂದನ್ನು ಸೇರಿಸಿ. 'ಯು' ಸೆಟ್ಟಿನಲ್ಲಿ ಒಂದು ವಾಲ್ವಿನ ಹೀಟರ್ ತುಂಡಾದರೂ ಎಲ್ಲವೂ ಕತ್ತಲು. ಪ್ರತಿ ವಾಲ್ವನ್ನು ಕಿತ್ತು ಹೀಟರ್ ಪಿನ್ನುಗಳ ನಡುವೆ ಓಮ್ ನೋಡಿದರೆ ಗೊತ್ತಾಗುತ್ತದೆ.

"ಗುಂಯ್ ಎನ್ನುತ್ತದೆ, ಬೇರೇನೂ ಕೇಳುವುದಿಲ್ಲ"

ವಾಲ್ಯೂಮನ್ನು ಪೂರ್ತಿ ಇಳಿಸಿ. ಆಗಲೂ ಗುಂಯ್‌ಗುಡುವಿಕೆ ಹಾಗೆಯೇ ಇದ್ದರೆ ಫಿಲ್ಟರ್ ಕಂಡೆನ್ಸರ್ ಒಣಗಿದೆ. ನಮ್ಮ 50 ಹರ್ಟ್ಸ್ ಕರೆಂಟಿನಲ್ಲಿ ಓಡುವ ಎಸಿ ಸೆಟ್ಟಿನಲ್ಲಿ ಇದು 100 ಹರ್ಟ್ಸಿನ ತುಸು ಒರಟು ಸ್ವರ. ವಾಲ್ಯೂಮ್ ಇಳಿಸಿದಾಗ ಸದ್ದೂ ಇಳಿದರೆ ದೋಷ ವಾಲ್ಯೂಮ್ ಕಂಟ್ರೋಲಿಗಿಂತ ಮುಂಚಿನ ಹಂತದಲ್ಲಿದೆ: ವಾಲ್ವ್ ಒಂದರ ಹೀಟರ್ ತನ್ನ ಸುತ್ತಲಿನ ಕ್ಯಾಥೋಡ್ ಎಂಬ ಕೊಳವೆಗೆ ತಾಗುತ್ತಿರಬಹುದು. ಸ್ಟೇಷನ್ ಸಿಕ್ಕಿದಾಗ ಮಾತ್ರ ಗುಂಯ್ ಎಂದರೆ ಮನೆಯ ಚಾರ್ಜರ್, ಎಲ್ಇಡಿ ಬಲ್ಬುಗಳನ್ನು ಒಂದೊಂದಾಗಿ ಆರಿಸಿ ನೋಡಿ.

ಫಿಲ್ಟರ್ ಕಂಡೆನ್ಸರ್ ಬದಲಿಸುವಾಗ ಹಳೆಯದರ ಡಬ್ಬಿಯನ್ನು ಚಾಸಿಯ ಮೇಲೆ ಅಂದಕ್ಕೆ ಹಾಗೆಯೇ ಬಿಡಿ, ಆದರೆ ಅದರ ತಂತಿಗಳನ್ನು ಪೂರ್ತಿಯಾಗಿ ಬಿಡಿಸಿ. ಹೊಸದನ್ನು ಚಾಸಿಯ ಕೆಳಗೆ ಜೋಡಿಸಿ. ಹಳೆಯದರ ಮೇಲೆಯೇ ಹೊಸದನ್ನು ಸಮಾಂತರವಾಗಿ ಬೆಸೆಯುವುದು ತಪ್ಪು, ಸೋರುವುದು ಸೋರುತ್ತಲೇ ಇರುತ್ತದೆ. 450 ವೋಲ್ಟ್, 105 ಡಿಗ್ರಿಯದ್ದು ಕೊಳ್ಳಿ. ಹಳೆಯದು 32 ಮೈಕ್ರೋಫ್ಯಾರಡ್ ಇದ್ದರೆ 33 ಹಾಕಿ. ಹೆಚ್ಚು ಹಾಕಿದರೆ ಇನ್ನೂ ಒಳ್ಳೆಯದೆಂದು 100 ಹಾಕಬೇಡಿ. ಇಝಡ್ 80 ತನ್ನ ಮುಂದೆ 50 ಮೈಕ್ರೋಫ್ಯಾರಡ್‌ಗಿಂತ ಹೆಚ್ಚನ್ನು ತಡೆಯುವುದಿಲ್ಲ. ಪ್ಲಸ್, ಮೈನಸ್ ತಿರುವುಮುರುವಾದರೆ ಕಂಡೆನ್ಸರ್ ಸಿಡಿಯುತ್ತದೆ.

"ಸ್ವರ ಒಡೆದಂತಿದೆ, ಒಂದು ವಾಲ್ವ್ ಕೆಂಪಾಗುತ್ತಿದೆ"

ಎಲ್ಲಕ್ಕಿಂತ ಹೆಚ್ಚು ಗಮನ ಬೇಕಾದ ಲಕ್ಷಣ ಇದು. ಮೊದಲು ಸ್ವರ ಚೆನ್ನಾಗಿಯೇ ಇದ್ದು, ಹತ್ತು ನಿಮಿಷ ಕಳೆದಂತೆ ಗಂಟಲು ಕಟ್ಟಿದವರ ಮಾತಿನಂತಾಗುತ್ತದೆ. ಕೋಣೆಯ ದೀಪ ಆರಿಸಿ, ಸ್ಪೀಕರಿಗೆ ಬಲ ಕೊಡುವ ಔಟ್‌ಪುಟ್ ವಾಲ್ವನ್ನು, ಅಂದರೆ ಇಎಲ್ 84ರಂಥದ್ದನ್ನು ನೋಡಿ. ಮಧ್ಯದ ಹೀಟರ್ ಕೆಂಡದ ಬಣ್ಣದಲ್ಲಿರುವುದು ಸಹಜ. ಹೊರಗಿನ ಬೂದು ಬಣ್ಣದ ತಗಡಿನಲ್ಲಿ ಕೆಂಪು ಮಚ್ಚೆ ಕಂಡರೆ ಕೂಡಲೇ ಆರಿಸಿ.

ಕಾರಣ ಹೆಚ್ಚಾಗಿ ಒಂದೇ: ಆ ವಾಲ್ವಿನ ಗ್ರಿಡ್ಡಿಗೆ (ಅದರ ಕರೆಂಟನ್ನು ಹಿಡಿತದಲ್ಲಿಡುವ ಒಳಗಿನ ಜಾಲರಿ) ಸ್ವರ ತಂದುಕೊಡುವ ಕಪ್ಲಿಂಗ್ ಕಂಡೆನ್ಸರ್. ಅದರ ಒಂದು ಬದಿಯಲ್ಲಿ ನೂರಕ್ಕೂ ಮಿಕ್ಕಿ ಡಿಸಿ ವೋಲ್ಟ್, ಇನ್ನೊಂದು ಬದಿಯಲ್ಲಿ ಸೊನ್ನೆ ಇರಬೇಕು. ಸೋರಲು ಶುರುವಾದರೆ ಗ್ರಿಡ್ ಪಾಸಿಟಿವ್ ಆಗಿ ವಾಲ್ವ್ ಮಿತಿಮೀರಿ ಕರೆಂಟ್ ಎಳೆಯುತ್ತದೆ. ಆ ಕರೆಂಟೆಲ್ಲ ರೆಕ್ಟಿಫೈಯರ್, ಔಟ್‌ಪುಟ್ ಟ್ರಾನ್ಸ್‌ಫಾರ್ಮರ್, ಮೇನ್ ಟ್ರಾನ್ಸ್‌ಫಾರ್ಮರ್ ಮೂರರ ತಲೆಯ ಮೇಲೆಯೂ ಬೀಳುತ್ತದೆ.

ಖಚಿತಪಡಿಸಿಕೊಳ್ಳಲು ಹೀಗೆ ಮಾಡಿ. ಕರೆಂಟ್ ತೆಗೆದು, ಚಾರ್ಜ್ ಇಳಿಸಿ, ಆ ಕಂಡೆನ್ಸರಿನ ಗ್ರಿಡ್ ಕಡೆಯ ಕಾಲನ್ನು ಮಾತ್ರ ಬೆಸುಗೆ ಬಿಡಿಸಿ. ಬಿಟ್ಟ ಕಾಲಿಗೆ ಮೀಟರಿನ ಕೆಂಪು ಕ್ಲಿಪ್, ಚಾಸಿಗೆ ಕಪ್ಪು ಕ್ಲಿಪ್. ಕೈ ದೂರವಿಟ್ಟು ಸ್ವಿಚ್ ಹಾಕಿ. ಮುಳ್ಳು ಅಥವಾ ಅಂಕಿ ಒಮ್ಮೆ ಏರಿ ಸೊನ್ನೆಯ ಕಡೆಗೆ ಇಳಿದರೆ ಒಳ್ಳೆಯ ಕಂಡೆನ್ಸರ್. ಐದು, ಹತ್ತು, ಮೂವತ್ತು ವೋಲ್ಟ್ ಎಂದು ನಿಂತರೆ ಅಪರಾಧಿ ಸಿಕ್ಕಿತು. ಸಾಮಾನ್ಯವಾಗಿ 0.01 ಅಥವಾ 0.022 ಮೈಕ್ರೋಫ್ಯಾರಡ್ ಇರುತ್ತದೆ, ಅದೇ ಅಳತೆಯ 630 ವೋಲ್ಟಿನ ಪಾಲಿಯೆಸ್ಟರ್ ಕಂಡೆನ್ಸರ್ ಹಾಕಿ. ಕೆಲವು ಯುರೋಪಿಯನ್ ವಿನ್ಯಾಸಗಳಲ್ಲಿ ಕಂಡೆನ್ಸರಿನ ಮೇಲೆ '10ಕೆ' ಎಂದಿರುತ್ತದೆ. ಅದು 10,000 ಪಿಕೋಫ್ಯಾರಡ್, ಅಂದರೆ 0.01 ಮೈಕ್ರೋಫ್ಯಾರಡ್. ಓಮ್ ಎಂದು ತಿಳಿದು ಗಲಿಬಿಲಿಯಾಗಬೇಡಿ.

ಬದಲಿಸಿದ ಮೇಲೂ ಕೆಂಪಾದರೆ ಕ್ಯಾಥೋಡ್ ರೆಸಿಸ್ಟರ್ ನೋಡಿ. ಇಎಲ್ 84 ಆದರೆ ಕ್ಯಾಥೋಡಿನಲ್ಲಿ ಸುಮಾರು 7 ವೋಲ್ಟ್ ಸಿಗುವುದು ಸರಿಯಾದ ಲೆಕ್ಕ. ಈ ಒಂದು ಕಂಡೆನ್ಸರನ್ನು ನಾನೀಗ ಯಾವ ಸೆಟ್ಟಿಗೂ ಪರೀಕ್ಷೆಯಿಲ್ಲದೆಯೇ ಬದಲಿಸಿಬಿಡುತ್ತೇನೆ. ಇದರ ಜೊತೆಗೆ ಕರೆಂಟಿನ ತಂತಿಯಿಂದ ಚಾಸಿಗೆ ಹಾಕಿರುವ ಪುಟ್ಟ ಕಂಡೆನ್ಸರನ್ನೂ ತೆಗೆದು, ಸುರಕ್ಷತೆಗೆಂದೇ ಮಾಡಿದ ವೈ2 ದರ್ಜೆಯದ್ದನ್ನೇ ಹಾಕುತ್ತೇನೆ. ಅದು ಶಾರ್ಟ್ ಆದರೆ ಮುಟ್ಟಿದವರಿಗೆ ಶಾಕ್.

"ಡಯಲ್ ಬೆಳಗುತ್ತದೆ, ಸ್ಪೀಕರ್ ಮೌನ"

ಹಿಂದುಗಡೆ ಗ್ರಾಮಫೋನ್ ಪಿಕಪ್ಪಿನ ಎರಡು ತೂತುಗಳಿವೆಯೇ? ಎಸಿ ಸೆಟ್ ಎಂದು ಖಚಿತವಿದ್ದರೆ ಮಾತ್ರ, ಹಳೆಯ ಮೊಬೈಲಿನ ಹೆಡ್‌ಫೋನ್ ತಂತಿಯನ್ನು 0.1 ಮೈಕ್ರೋಫ್ಯಾರಡ್ ಕಂಡೆನ್ಸರಿನ ಮೂಲಕ ಅಲ್ಲಿಗೆ ಕೊಟ್ಟು, ಸ್ವಿಚ್ಚನ್ನು ಗ್ರಾಮಫೋನ್ ಗುರುತಿಗೆ ತಿರುಗಿಸಿ. ಮೊಬೈಲಿನ ಭಾಗವತಿಕೆ ರೇಡಿಯೋದಲ್ಲಿ ತುಂಬಿ ಬಂದರೆ ಅರ್ಧ ರೇಡಿಯೋ ಆರೋಗ್ಯವಾಗಿದೆ, ದೋಷ ಮುಂಭಾಗದಲ್ಲಿದೆ. 'ಯು' ಸೆಟ್ಟಿಗೆ ಇದನ್ನು ಮಾಡಿದರೆ ಮೊಬೈಲಿನಲ್ಲೂ ಹಿಡಿದ ಕೈಯಲ್ಲೂ ಕರೆಂಟ್.

ಇದೂ ಬಾರದಿದ್ದರೆ ಪ್ಲಗ್ ತೆಗೆದು ಔಟ್‌ಪುಟ್ ಟ್ರಾನ್ಸ್‌ಫಾರ್ಮರಿನ ಪ್ರೈಮರಿಯ ಓಮ್ ನೋಡಿ. ಕೆಲವು ನೂರು ಓಮ್ ಸಿಗಬೇಕು. ಏನೂ ಸಿಗದಿದ್ದರೆ ಕಿಲುಬು ತಂತಿಯನ್ನು ತಿಂದಿದೆ. ಹೀಗಾದಾಗ ಔಟ್‌ಪುಟ್ ವಾಲ್ವಿನ ಒಳಗಿನ ಸ್ಕ್ರೀನ್ ಗ್ರಿಡ್ ಮಾತ್ರ ಕೆಂಪಾಗಿ ಬೆಳಗುತ್ತದೆ, ಹೊರತಗಡು ಕಪ್ಪಾಗಿಯೇ ಇರುತ್ತದೆ. ಸ್ಪೀಕರ್ ಬಿಡಿಸಿಟ್ಟು ಸೆಟ್ ಓಡಿಸುವುದೂ ಇದೇ ಟ್ರಾನ್ಸ್‌ಫಾರ್ಮರಿಗೆ ಕೇಡು.

"ಉಸಿರಾಟ ಕೇಳುತ್ತದೆ, ಸ್ಟೇಷನ್ ಸಿಗುವುದಿಲ್ಲ"

ಮೊದಲು ಗಾಳಿಯಲ್ಲಿ ಸ್ಟೇಷನ್ ಇದೆಯೇ ಎಂದು ತಿಳಿಯಿರಿ. ಈ ಸೆಟ್‌ಗಳಲ್ಲಿ ಹೆಚ್ಚಿನವಕ್ಕೆ ಎಫ್ಎಂ ಬರುವುದಿಲ್ಲ, ಮತ್ತು ಆಕಾಶವಾಣಿ ಇತ್ತೀಚಿನ ವರ್ಷಗಳಲ್ಲಿ ಹಲವು ಮಧ್ಯಮ ತರಂಗ ಪ್ರೇಷಕಗಳನ್ನು ನಿಲ್ಲಿಸಿದೆ. ಮಧ್ಯಮ ತರಂಗ ಇರುವ ಸಣ್ಣ ಟ್ರಾನ್ಸಿಸ್ಟರನ್ನು ಪಕ್ಕದಲ್ಲಿಟ್ಟು ಹುಡುಕಿ. ಮಂಗಳೂರು ಆಕಾಶವಾಣಿಯ ಜಾಗ 1089 ಕಿಲೋಹರ್ಟ್ಸ್. ಹಳೆಯ ಡಯಲಿನಲ್ಲಿ ಮೀಟರ್ ಮಾತ್ರ ಬರೆದಿದ್ದರೆ ಸುಮಾರು 275ರ ಹತ್ತಿರ. ಸೂರ್ಯ ಮುಳುಗಿದ ಮೇಲೆ ದೂರದ ಊರುಗಳೂ ತೇಲಿ ಬರುತ್ತವೆ, ಆದ್ದರಿಂದ ಪರೀಕ್ಷೆ ರಾತ್ರಿ ಮಾಡುವುದೇ ಮೇಲು. ಹತ್ತು ಹದಿನೈದು ಮೀಟರ್ ತಂತಿಯನ್ನು ಎರಡು ತೆಂಗಿನ ಮರಗಳ ನಡುವೆ ಕಟ್ಟಿದರೆ ವ್ಯತ್ಯಾಸ ಕಿವಿಗೇ ತಿಳಿಯುತ್ತದೆ. ಕರೆಂಟ್ ಕಂಬದ ತಂತಿಗಳಿಂದ ದೂರವಿರಲಿ. ತುಲಾ ತಿಂಗಳ ಸಂಜೆಯ ಗುಡುಗಿಗೆ ಮುಂಚೆ ಆ ತಂತಿ ರೇಡಿಯೋದಿಂದ ಕಳಚಿರಬೇಕು.

ಟ್ರಾನ್ಸಿಸ್ಟರಿನಲ್ಲಿ ಬಂದು ವಾಲ್ವ್ ಸೆಟ್ಟಿನಲ್ಲಿ ಬಾರದಿದ್ದರೆ ಆಸಿಲೇಟರ್ (ಸೆಟ್ಟಿನೊಳಗೇ ತರಂಗ ಹುಟ್ಟಿಸುವ ಹಂತ) ಜೀವಂತವಿದೆಯೇ ನೋಡಬೇಕು. ಇದಕ್ಕೆ ಯಾವ ಉಪಕರಣವೂ ಬೇಡ. ಟ್ರಾನ್ಸಿಸ್ಟರನ್ನು 1089ಕ್ಕೆ ಇಟ್ಟು, ವಾಲ್ವ್ ರೇಡಿಯೋದ ಮುಳ್ಳನ್ನು 620ರಿಂದ 640ರ ನಡುವೆ ಮೆಲ್ಲನೆ ಆಡಿಸಿ. ವಾಲ್ವ್ ಸೆಟ್ಟಿನ ಆಸಿಲೇಟರ್ ಡಯಲ್ ಅಂಕಿಗಿಂತ ಸುಮಾರು 455 ಕಿಲೋಹರ್ಟ್ಸ್ ಮೇಲೆ ಓಡುತ್ತಿರುತ್ತದೆ. ಸರಿಯಿದ್ದರೆ ಟ್ರಾನ್ಸಿಸ್ಟರಿನಲ್ಲಿ ಸಿಳ್ಳೆಯೊಂದು ಎತ್ತರದಿಂದ ಇಳಿದು ಮತ್ತೆ ಏರುತ್ತದೆ. ಸಿಳ್ಳೆ ಬಾರದಿದ್ದರೆ ಇಸಿಎಚ್ 81 ಅಥವಾ ಅದರ ಸುತ್ತಲಿನ ರೆಸಿಸ್ಟರ್, ಬ್ಯಾಂಡ್ ಸ್ವಿಚ್ಚಿನ ಮೇಲೆ ಅನುಮಾನ. ಸಿಳ್ಳೆ ಬಂದರೆ ಐ.ಎಫ್. ಹಂತ, ಅಂದರೆ ಆ 455 ಕಿಲೋಹರ್ಟ್ಸಿನ ಸಿಗ್ನಲನ್ನು ಹಿಗ್ಗಿಸುವ ಭಾಗ ನೋಡಿ. ಆದರೆ ಐ.ಎಫ್. ಡಬ್ಬಿಯ ತಿರುಪುಗಳನ್ನು "ಸ್ವಲ್ಪ ತಿರುಗಿಸಿ ನೋಡೋಣ" ಎಂದು ಮುಟ್ಟಬೇಡಿ. ಹಾಗೆ ತಿರುಗಿಸಿದ್ದನ್ನು ಮೊದಲಿನ ಜಾಗಕ್ಕೆ ತರಲು ಸಿಗ್ನಲ್ ಜನರೇಟರ್ ಬೇಕು.

"ಕರಕರ" ಮತ್ತು "ಮುಳ್ಳು ಓಡುವುದಿಲ್ಲ"

ವಾಲ್ಯೂಮ್ ತಿರುಗಿಸಿದಾಗ ಕರಕರ ಎಂದರೆ ಕಂಟ್ರೋಲಿನೊಳಗೆ ಧೂಳು. ಕಾಂಟ್ಯಾಕ್ಟ್ ಕ್ಲೀನರ್ ಒಂದು ಹನಿ ಬಿಟ್ಟು ಇಪ್ಪತ್ತು ಸಲ ತಿರುಗಿಸಿ. ಸ್ಟೇಷನ್ ತಿರುಗಿಸಿದಾಗ ಒಂದೇ ಜಾಗದಲ್ಲಿ ಕರಕರ ಎಂದರೆ ಗ್ಯಾಂಗಿನ ತಗಡು ತಾಗುತ್ತಿದೆ. ಕ್ಯಾಬಿನೆಟ್ ತಟ್ಟಿದಾಗ ಕರಕರ ಎಂದರೆ ವಾಲ್ವ್ ಪಿನ್ನು: ಆರಿಸಿ, ತಣಿದ ಮೇಲೆ ಒಂದೊಂದನ್ನೂ ಮೆಲ್ಲನೆ ಆಡಿಸಿ ಕಿತ್ತು ಒರೆಸಿ ಹಾಕಿ. ಗಾಜಿನ ಮೇಲಿನ ಅಕ್ಷರ ಒರೆಸಬೇಡಿ, ಬೆರಳು ತಾಗಿದರೂ ಅಳಿಯುತ್ತದೆ.

ಮುಳ್ಳು ಓಡದಿದ್ದರೆ ಡಯಲ್ ದಾರ ತುಂಡಾಗಿದೆ. ಬಿಚ್ಚುವ ಮೊದಲು ಅದು ಸುತ್ತಿದ ದಾರಿಯ ಚಿತ್ರ ಬರೆದುಕೊಳ್ಳಿ. ಮೀನುಗಾರಿಕೆಯ ಹೆಣೆದ ದಾರ ಇದಕ್ಕೆ ಹೇಳಿ ಮಾಡಿಸಿದಂತಿದೆ, ಒಂಟಿ ಎಳೆಯ ನೈಲಾನ್ ಜಾರುತ್ತದೆ.

ಇಲ್ಲಿ ಕೈ ಬಿಡಿ, ತಿಳಿದವರಿಗೆ ಕೊಡಿ

ಸೀರೀಸ್ ಬಲ್ಬ್ ಪೂರ್ಣ ಬೆಳಗುತ್ತಲೇ ಇದ್ದು ಕಾರಣ ಸಿಗದಿದ್ದಾಗ. ಟ್ರಾನ್ಸ್‌ಫಾರ್ಮರಿನಿಂದ ಟಾರು ಒಸರಿದಾಗ. ಕೊಳೆತ ಬೆಳ್ಳುಳ್ಳಿಯಂಥ ವಾಸನೆ ಬಂದಾಗ: ಅದು ಸೆಲೆನಿಯಮ್ ರೆಕ್ಟಿಫೈಯರ್ ಸುಡುತ್ತಿರುವ ವಾಸನೆ, ವಿಷ. ಪ್ಲಗ್ ಎಳೆದು, ಕಿಟಕಿ ತೆರೆದು ಎಲ್ಲರನ್ನೂ ಹೊರಗೆ ಕಳುಹಿಸಿ. 'ಯು' ಸೆಟ್ಟಿನಲ್ಲಿ ವೋಲ್ಟೇಜ್ ಅಳೆಯಬೇಕಾದಾಗ. ಐ.ಎಫ್. ಹೊಂದಿಸಬೇಕಾದಾಗ. ಕುಂಬಳೆ, ಕಾಸರಗೋಡು, ಮಂಗಳೂರಿನಲ್ಲಿ ವಾಲ್ವ್ ಸೆಟ್ಟಿಗೆ ಕೈ ಹಾಕಿದ ಹಿರಿಯ ಮೆಕ್ಯಾನಿಕ್‌ಗಳು ಒಬ್ಬಿಬ್ಬರು ಸಿಕ್ಕಾರು. ಕೊಡುವಾಗ ನೀವು ಅಳೆದದ್ದೆಲ್ಲ ಬರೆದ ಚೀಟಿಯನ್ನೂ ಕೊಡಿ.

ಸರಿಯಾದ ಮೇಲೆ, ಮಳೆಗಾಲಕ್ಕೆ

ಆಟಿ ತಿಂಗಳಲ್ಲಿ ವಾರಕ್ಕೊಮ್ಮೆಯಾದರೂ ಒಂದು ಗಂಟೆ ಹಾಡಿಸಿ, ವಾಲ್ವ್‌ಗಳ ಬಿಸಿಯೇ ತೇವ ಓಡಿಸುತ್ತದೆ. ಗೋಡೆಗೆ ತಾಗಿಸದೆ ಒಂದು ಗೇಣು ಜಾಗ ಬಿಡಿ. ಬದಲಿಸಿದ ಕಂಡೆನ್ಸರ್‌ಗಳ ಅಳತೆ, ಅಳೆದ ವೋಲ್ಟೇಜ್, ತಾರೀಕು ಬರೆದು ಕ್ಯಾಬಿನೆಟ್ಟಿನ ಒಳಬದಿಗೆ ಅಂಟಿಸಿ. ಪೆರ್ಲದ ಆ ಸೆಟ್ಟನ್ನು ಕೊನೆಗೂ ಬಿಚ್ಚಿದಾಗ ಒಳಗಿನ ಹಲಗೆಯ ಮೇಲೆ ಯಾರೋ ಹಳೆಯ ಮೆಕ್ಯಾನಿಕ್ ಪೆನ್ಸಿಲಿನಲ್ಲಿ ಕನ್ನಡದಲ್ಲೇ ಬರೆದಿದ್ದರು: "ಫಿಲ್ಟರ್ ಹೊಸದು. ಕಪ್ಲಿಂಗ್ ಹಳೆಯದೇ ಇದೆ, ಮುಂದಿನ ಸಲ ನೋಡಬೇಕು."